ನಡುದಿಬ್ಬದ ಕಪ್ಪುಹೊಟ್ಟೆ ರೀವ

ಹಾಸನ ಜಿಲ್ಲೆಯಲ್ಲಿ ಯಾರಾದರೂ ಇಲ್ಲದ ಹಕ್ಕಿಯನ್ನು ಕಂಡರೆ ಆ ಸುದ್ದಿ ಮೊದಲು ಶಿವಲೀಲಾಳ ಫೋನಿಗೆ ಬರುತ್ತಿತ್ತು.

ಹಕ್ಕಿ ನೋಡುವವರು ಈಗ ತಮ್ಮ ಪಟ್ಟಿಗಳನ್ನು ಒಂದು ಆ್ಯಪ್‌ಗೆ ಏರಿಸುತ್ತಾರೆ. ಕಾಗೆ, ಗೊರವಂಕ, ಬೆಳ್ಳಕ್ಕಿಗಳು ಯಾರ ತಕರಾರೂ ಇಲ್ಲದೆ ಒಳಗೆ ಹೋಗುತ್ತವೆ. ಅಪರೂಪದ್ದೇನಾದರೂ ಬಂದರೆ ಮಾತ್ರ ಆ್ಯಪ್ ಅದನ್ನು ಬಾಗಿಲಲ್ಲೇ ನಿಲ್ಲಿಸಿ, ಆಲೂರಿನ ಸರ್ಕಾರಿ ಪಿಯು ಕಾಲೇಜಿನ ಜೀವಶಾಸ್ತ್ರದ ಲೆಕ್ಚರರ್ ಶಿವಲೀಲಾ ಮೇಡಂ ಏನನ್ನುತ್ತಾರೋ ಎಂದು ಕಾಯುತ್ತದೆ. ಸಂಬಳವಿಲ್ಲದ ಕೆಲಸ. ಅದರಲ್ಲಿ ಇಲ್ಲ ಎನ್ನುವುದೇ ಹೆಚ್ಚು. ಮೂರು ವರ್ಷಗಳಲ್ಲಿ ಅವಳು ಎರಡು ರಣಹದ್ದುಗಳನ್ನೂ, ದೋಣಿಗಲ್ ಕಡೆಯ ಹೋಂಸ್ಟೇಯೊಂದರ ಈಜುಕೊಳದಲ್ಲಿ ಕಂಡ ಒಂದು ರಾಜಹಂಸವನ್ನೂ ವಿನಯದಿಂದ ತಿರಸ್ಕರಿಸಿದ್ದಳು. ಆ ರಾಜಹಂಸಕ್ಕೆ ಗಾಳಿ ತುಂಬುವ ಮೂತಿ ಫೋಟೋದಲ್ಲೇ ಕಾಣುತ್ತಿತ್ತು.

ಏಪ್ರಿಲ್‌ನ ಒಂದು ಬುಧವಾರ ಬಂದ ಪಟ್ಟಿಯಲ್ಲಿ ಇದ್ದದ್ದು ಒಂದೇ ಹಕ್ಕಿ. ಕಪ್ಪುಹೊಟ್ಟೆ ರೀವ. ಸ್ಥಳ: ಹೇಮಾವತಿ ಹಿನ್ನೀರು, ನಡುದಿಬ್ಬ. ಸಮಯ: ಮಧ್ಯಾಹ್ನ ಒಂದೂವರೆ. ನೋಡಿದವರು: ಲೋಹಿತ್, ಯಸಳೂರು.

ಹಕ್ಕಿಯ ಹೆಸರನ್ನು ಅವಳು ಒಮ್ಮೆ ಓದಿದಳು, ನೋಡಿದವರ ಹೆಸರನ್ನು ಮೂರು ಸಲ. ಪರಿಶೀಲನೆಯ ನಿಯಮದ ಪ್ರಕಾರ ಇದು ಉಲ್ಟಾ ಆಗಬೇಕಿತ್ತು.

ರೀವ ಎಂದರೆ ನೀರಿನ ಮೇಲೆ ತೇಲಿದಂತೆ ಹಾರುತ್ತ, ಮೀನು ಕಂಡೊಡನೆ ತಲೆಕೆಳಗಾಗಿ ಬೀಳುವ ಕವಲುಬಾಲದ ಹಕ್ಕಿ. ನಮ್ಮ ಹೊಳೆಗಳಲ್ಲಿ ಮರಿ ಮಾಡುವವರಲ್ಲಿ ನದಿ ರೀವ ಮತ್ತು ಕಪ್ಪುಹೊಟ್ಟೆ ರೀವ ಹತ್ತಿರದ ದಾಯಾದಿಗಳು. ಇಬ್ಬರಿಗೂ ತಲೆಯ ಮೇಲೆ ಅದೇ ಕಪ್ಪು ಟೋಪಿ, ಇಬ್ಬರೂ ಮೊಟ್ಟೆಯಿಡುವುದು ಗೂಡು ಕಟ್ಟದೆ ಬರಿನೆಲದ ಮೇಲೆ. ನದಿ ರೀವ ದೊಡ್ಡದು, ಹಳದಿ ಕೊಕ್ಕು, ಬಿಳಿ ಹೊಟ್ಟೆ. ಇನ್ನೊಂದು ಸಣ್ಣದು, ಕಿತ್ತಳೆ ಕೊಕ್ಕು, ಹೊಟ್ಟೆಯ ಬಣ್ಣ ಹೆಸರಲ್ಲೇ ಇದೆ. ನಿಜವಾದ ವ್ಯತ್ಯಾಸ ಇರುವುದು ಎಷ್ಟು ಉಳಿದಿವೆ ಎಂಬುದರಲ್ಲಿ. ಜಗತ್ತಿನ ಕೆಂಪು ಪಟ್ಟಿಯಲ್ಲಿ ಕಪ್ಪುಹೊಟ್ಟೆಯದು ಅಳಿವಿನ ಅಂಚಿನವರ ಸಾಲಿಗೆ ಸೇರಿಹೋಗಿದೆ. ಈ ಹಿನ್ನೀರಿನಲ್ಲಿ ಅದನ್ನು ಕಂಡೆ ಎಂದವರು ಶಿವಲೀಲಾಳಿಗೆ ತಿಳಿದಂತೆ ಯಾರೂ ಇರಲಿಲ್ಲ.

ಇರಲಿ ಎಂದು ತಳ್ಳಿಹಾಕಲು ಅವಳಿಗೆ ಬೇಕಾದಷ್ಟು ಬೇರೆ ಯೋಚನೆಗಳಿದ್ದವು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ವರ್ಗಾವಣೆಯ ಕೌನ್ಸೆಲಿಂಗ್. ಹೋದರೆ ದಾವಣಗೆರೆ ಸಿಗುವುದು ಹೆಚ್ಚುಕಡಿಮೆ ಖಚಿತ, ಹೋಗದಿದ್ದರೆ ಆಲೂರೇ ಗತಿ. ದಾವಣಗೆರೆಯಲ್ಲಿ ಅಕ್ಕನಿದ್ದಾಳೆ, ಅಕ್ಕನ ಮನೆಯ ಮೇಲೆ ಖಾಲಿ ಮಹಡಿ ಇದೆ. ತಾಯಿ ಬಸಮ್ಮ ಆಗಲೇ ಎರಡು ಹಿತ್ತಾಳೆ ಕೊಳಗಗಳನ್ನು ಗೋಣಿಚೀಲದಲ್ಲಿ ಕಟ್ಟಿಟ್ಟಿದ್ದರು. ಆಲೂರಿನಲ್ಲಿ ಉಳಿಯಲು ಶಿವಲೀಲಾಳ ಬಳಿ ಹೇಳಿಕೊಳ್ಳುವಂಥ ಕಾರಣವೇನೂ ಇರಲಿಲ್ಲ. ಹೇಳಿಕೊಳ್ಳಲಾಗದ್ದು ಒಂದಿತ್ತು. ಅದು ಒಂದೂವರೆ ಗಂಟೆ ಬಸ್ಸಿನ ದೂರದಲ್ಲಿ ಎಂಟು ಎಕರೆ ಕಾಫಿ ತೋಟ ನೋಡಿಕೊಂಡಿತ್ತು. ಅವಳು ಆಲೂರಿಗೆ ಬಂದು ಮೂರು ವರ್ಷವಾದರೂ ಅದು ಒಂದು ಫೋನು ಮಾಡಿರಲಿಲ್ಲ.

ಅವಳು ಟೈಪಿಸಿದಳು: "ನಮಸ್ಕಾರ. ದಾಖಲೆ ಅಪರೂಪದ್ದಾದ್ದರಿಂದ ಹೆಚ್ಚಿನ ವಿವರ ಬೇಕು. ಕೊಕ್ಕಿನ ಬಣ್ಣ, ಗಾತ್ರ, ಬೆಳಕಿನ ದಿಕ್ಕು ದಯವಿಟ್ಟು ತಿಳಿಸಿ."

ಹತ್ತು ನಿಮಿಷಕ್ಕೆ ಉತ್ತರ ಬಂತು. "ಹೊಟ್ಟೆ ಕಪ್ಪು. ಬೆಳಕು ಮೇಲಿಂದ. ಹೆಚ್ಚಿನ ವಿವರ ಹಕ್ಕಿ ಕೊಡಲಿಲ್ಲ."

"ಕೊಕ್ಕಿನ ಬಣ್ಣ ತಿಳಿಸಿಲ್ಲ."

"ಹಳದಿಗೂ ಕಿತ್ತಳೆಗೂ ಮಧ್ಯೆ. ನಂಬಿಕೆ ಇಲ್ಲದಿದ್ರೆ ಬಂದು ನೋಡಿ ಮೇಡಂ. ಶನಿವಾರ ಎಂಟು ಗಂಟೆಯಿಂದ ಅಲ್ಲೇ ಇರ್ತೀನಿ."

ಮೇಡಂ. ಅವಳು ಮೂರು ಉತ್ತರ ಬರೆದು ಮೂರನ್ನೂ ಅಳಿಸಿದಳು. ಕೊನೆಗೆ ಹೋದದ್ದು: "ಬರುತ್ತೇನೆ. ಪರಿಶೀಲನೆಗೆ."

*

ಇಪ್ಪತ್ತಮೂರು ವರ್ಷದ ಹಿಂದೆ ಹಾಸನದ ಹಕ್ಕಿ ಬಳಗವೊಂದು ಪ್ರತಿ ಜನವರಿಯಲ್ಲಿ ಹಿನ್ನೀರಿನ ಹಕ್ಕಿಗಳನ್ನು ಎಣಿಸುವ ಕೆಲಸ ಶುರುಮಾಡಿತ್ತು. ಪದ್ಧತಿ ಕಟ್ಟುನಿಟ್ಟು. ಒಬ್ಬರು ಟೆಲಿಸ್ಕೋಪಿನಲ್ಲಿ ನೋಡಿ ಎಣಿಸಬೇಕು, ಇನ್ನೊಬ್ಬರು ಬರೆದುಕೊಳ್ಳಬೇಕು, ಹಾಳೆಯ ಕೆಳಗೆ ಇಬ್ಬರೂ ಸಹಿ ಹಾಕಬೇಕು. ಒಂದೇ ಸಹಿಯ ಹಾಳೆಯನ್ನು ಬಳಗ ತೆಗೆದುಕೊಳ್ಳುತ್ತಿರಲಿಲ್ಲ. ಒಂಟಿ ಮನುಷ್ಯನ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ ಎಂಬುದು ಅವರ ವಾದ.

ನಡುದಿಬ್ಬದ ಪಾಲಿಗೆ ಬಿದ್ದವರು ಇಬ್ಬರು. ಸಕಲೇಶಪುರದಲ್ಲಿ ಕಾಫಿ, ಮೆಣಸಿನ ಮಂಡಿ ಇಟ್ಟಿದ್ದ ನಂಜುಂಡಯ್ಯನವರ ಮಗಳು, ಮೈಸೂರಿನಲ್ಲಿ ಎಂ.ಎಸ್ಸಿ. ಓದುತ್ತಿದ್ದ ಶಿವಲೀಲಾ, ಬಿ.ಎಸ್ಸಿ. ಮುಗಿಸಿ ತೋಟಕ್ಕೆ ಇಳಿದಿದ್ದ ಯಸಳೂರಿನ ಲೋಹಿತ್. ಎರಡು ಜನವರಿ ಅವರು ಒಟ್ಟಿಗೆ ಎಣಿಸಿದರು. ಅವನು "ನದಿ ರೀವ, ನೂರ ಅರವತ್ತು" ಅಂದರೆ ಇವಳು ಬರೆದುಕೊಂಡು, "ನೂರ ಅರವತ್ತಾ, ನೂರ ಅರವತ್ತೊಂದಾ?" ಎಂದು ಕೇಳುತ್ತಿದ್ದಳು. ಇನ್ನೊಮ್ಮೆ ಎಣಿಸಲಿ, ಇನ್ನಷ್ಟು ಹೊತ್ತಾಗಲಿ ಎಂಬುದು ಬಿಟ್ಟರೆ ಆ ಪ್ರಶ್ನೆಗೆ ವೈಜ್ಞಾನಿಕ ಉದ್ದೇಶ ಇರಲಿಲ್ಲ. ಅವನೂ ಪ್ರತಿ ಸಲ ಒಂದು ಕಡಿಮೆ ಎಣಿಸುತ್ತಿದ್ದ. ನದಿ ರೀವ ಆಗ ಯಾರೂ ಚಿಂತಿಸದ ಹಕ್ಕಿ. ಹಿನ್ನೀರಿನ ತುಂಬ ಇತ್ತು.

ಮೂರನೆಯ ಜನವರಿ ಅವನು ಬರಲಿಲ್ಲ. ಹಿಂದಿನ ಎಣಿಕೆಯ ದಿನ ಹೊರಡುವಾಗ, "ಮುಂದಿನ ವರ್ಷ ಒಂದು ಮಾತು ಹೇಳೋದೈತೆ ನಿಮ್ಮತ್ರ" ಎಂದು ಅವನೇ ಹೇಳಿದ್ದ. ಅವಳು ಆ ಮಾತಿನ ಮೇಲೆ ಒಂದು ವರ್ಷ ಬದುಕಿ, ಬೆಳಗಿನಿಂದ ಮಧ್ಯಾಹ್ನದವರೆಗೆ ದಡದಲ್ಲಿ ಕಾದು, ತೆಪ್ಪದ ಭೂತಯ್ಯನ ಜೊತೆ ಒಬ್ಬಳೇ ಎಣಿಸಿ ಬಂದಳು. ಆಮೇಲೆ ಪಿಎಚ್‌ಡಿ, ಕೆಲಸಕ್ಕೆಂದು ಕುಷ್ಟಗಿ, ಹಾವೇರಿ, ನೋಡಲು ಬಂದ ಹನ್ನೊಂದು ಗಂಡುಗಳು, ಮೂವತ್ತೆಂಟು ದಾಟಿದ ಮೇಲೆ ಯಾರೂ ಬಾರದ ನೆಮ್ಮದಿ. ಲೋಹಿತ್‌ಗೆ ಒಮ್ಮೆ ಮದುವೆಯಾಗಿತ್ತೆಂದೂ, ಬೆಂಗಳೂರಿನ ಆ ಹುಡುಗಿ ರಕ್ತ ಹೀರುವ ಇಂಬಳಕ್ಕೂ ಒಂಟಿತನಕ್ಕೂ ಹೊಂದಿಕೊಳ್ಳಲಾರದೆ ಹದಿನಾಲ್ಕು ತಿಂಗಳಿಗೆ ಜಗಳವಿಲ್ಲದೆ ಹೊರಟುಹೋದಳೆಂದೂ ಸಕಲೇಶಪುರದ ಬಸ್‌ಸ್ಟ್ಯಾಂಡು ತಾನಾಗಿಯೇ ಅವಳಿಗೆ ತಿಳಿಸಿತ್ತು.

*

ಶನಿವಾರ ಬಸಮ್ಮ ಬಾಗಿಲ ಹತ್ತಿರ ನಿಂತು ಮಗಳನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ಹಕ್ಕಿ ನೋಡೋಕೆ ಇಸ್ತ್ರಿ ಮಾಡಿದ ಬಟ್ಟೆ ಯಾಕೆ?"

"ಇದು ಹಳೇದಮ್ಮ."

"ಬಟ್ಟೆ ಹಳೇದು. ಇಸ್ತ್ರಿ ಇವತ್ತಿಂದು." ಬಸಮ್ಮ ಟಿಫಿನ್ ಡಬ್ಬಿಯನ್ನು ಕೈಗಿಟ್ಟರು. "ಉಪ್ಪಿಟ್ಟು ಇಬ್ಬರಿಗಾಗೋವಷ್ಟು ಹಾಕಿದೀನಿ. ತೆಪ್ಪದೋನಿಗೂ ಹಸಿವಾಗುತ್ತಲ್ಲ."

ಬಸ್ಸಿಳಿದು, ಹಳೆಯ ರಸ್ತೆಯ ಇಳಿಜಾರಿನಲ್ಲಿ ಹತ್ತು ನಿಮಿಷ ನಡೆದರೆ ಹಿನ್ನೀರು. ಬೇಸಿಗೆಗೆ ನೀರು ಹಿಂದೆ ಸರಿದು, ಅಂಚಿನುದ್ದಕ್ಕೂ ಕಪ್ಪು ಗೋಡುಮಣ್ಣಿನ ಕೆಸರು ಎದ್ದಿತ್ತು. ಅದರಾಚೆ ನಡುದಿಬ್ಬ. ಮುಳುಗಿದ ಊರೊಂದರ ಒಕ್ಕಣೆಯ ಕಣವಾಗಿದ್ದ ಜಾಗ. ವರ್ಷಕ್ಕೆ ನಾಲ್ಕು ತಿಂಗಳು ತಲೆ ಎತ್ತುತ್ತದೆ.

ಅವನು ಬುಟ್ಟಿಯಂಥ ತೆಪ್ಪದ ಪಕ್ಕ ನಿಂತಿದ್ದ. ಕೂದಲು ಕಿವಿಯ ಮೇಲೆ ಬೆಳ್ಳಗಾಗಿತ್ತು. ಹೊಟ್ಟೆ ಬಂದಿರಲಿಲ್ಲ, ಅದನ್ನು ಗಮನಿಸಿದ್ದಕ್ಕೆ ಅವಳಿಗೆ ತನ್ನ ಮೇಲೇ ಕೋಪ ಬಂತು. ಅವನೂ ಅವಳನ್ನು ನೋಡಿದ, ಪಟ್ಟನೆ ನೀರಿನ ಕಡೆ ತಿರುಗಿದ, ಅಲ್ಲೇನೂ ಇಲ್ಲದಿದ್ದರಿಂದ ಮತ್ತೆ ಇತ್ತಲೇ ತಿರುಗಬೇಕಾಯಿತು.

"ಬಂದ್ರಾ ಮೇಡಂ."

"ಬಂದೆ. ಹಕ್ಕಿ?"

"ಹಕ್ಕಿ ನಿಮ್ ಟೈಮಿಗೆ ಸಹಿ ಹಾಕೋಕೆ ಸರ್ಕಾರಿ ನೌಕರ ಅಲ್ಲ ಕಣ್ರೀ. ಕಾಯ್ಬೇಕು."

ತೆಪ್ಪದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಭೂತಯ್ಯ ಹುಟ್ಟನ್ನು ನೆಲಕ್ಕೂರಿ ಎದ್ದ. ಎಪ್ಪತ್ತು ದಾಟಿದ್ದರೂ ತೋಳು ಹಾಗೇ ಇತ್ತು. "ಓಹೋ, ಮಂಡಿ ನಂಜುಂಡಯ್ಯನೋರ ಮಗ್ಳು ಅಲ್ವರಾ? ನೀವು ದಪ್ಪಗಾಗಿಲ್ಲ, ಇವ್ರು ಬುದ್ಧಿವಂತ್ರಾಗಿಲ್ಲ. ಕೂತ್ಕಳಿ, ಕೂತ್ಕಳಿ. ನಡೂಗೆ ಕೂತ್ಕಳಿ, ವಾಲ್ತದೆ."

ದಿಬ್ಬಕ್ಕೆ ಹತ್ತಿರ ಹೋಗಬಾರದು, ಮೊಟ್ಟೆಯಿಡುವ ಕಾಲ. ಎದುರಿಗೆ ನೀರಿನೊಳಕ್ಕೆ ಚಾಚಿದ ನೆಲದಲ್ಲಿದ್ದ ಹೊಂಗೆ ಮರದಡಿ ಅವರನ್ನು ಇಳಿಸಿ, ಭೂತಯ್ಯ ತೆಪ್ಪವನ್ನು ಬೋರಲು ಹಾಕಿ ಅದರಡಿಯ ನೆರಳಿನಲ್ಲಿ ಮಲಗಿದ.

ಟೆಲಿಸ್ಕೋಪು ಒಂದೇ ಇತ್ತು, ಲೋಹಿತನದು. ಅವನು ಮೊದಲು ನೋಡಿದ. ಆಮೇಲೆ ಸ್ಟ್ಯಾಂಡಿನ ಮೂರು ಕಾಲುಗಳನ್ನೂ ಸಡಿಲಿಸಿ ತಗ್ಗಿಸಿ, ಮತ್ತೆ ಬಿಗಿದು, ಪಕ್ಕಕ್ಕೆ ಸರಿದು ನಿಂತ. ಅವಳು ಕಣ್ಣಿಟ್ಟಳು. ಬಗ್ಗುವುದೂ ಬೇಕಿರಲಿಲ್ಲ, ತುದಿಗಾಲಲ್ಲಿ ನಿಲ್ಲುವುದೂ ಬೇಕಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅವಳು ಬೆಳೆದಿರಲಿಲ್ಲ, ಅವನು ಮರೆತಿರಲಿಲ್ಲ.

"ಸರಿ ಐತಾ?"

"ಸರಿ ಇದೆ," ಎಂದಳು. ಲೆನ್ಸಿನಲ್ಲಿ ಒಂದು ಕ್ಷಣ ಏನೂ ಕಾಣಲಿಲ್ಲ. ಲೆನ್ಸಿನ ತಪ್ಪಲ್ಲ.

ದಿಬ್ಬದ ಮೇಲೆ ನದಿ ರೀವಗಳು ಕೂತಿದ್ದವು. ಬಿಳಿ ಹೊಟ್ಟೆ, ಹಳದಿ ಕೊಕ್ಕು, ತೊಳೆದು ಒಣಗಿಸಿದಂಥ ಬೂದು ರೆಕ್ಕೆ. ಗಂಟೆ ಒಂಬತ್ತಾಯಿತು, ಹತ್ತಾಯಿತು. ಕಪ್ಪು ಹೊಟ್ಟೆಯದು ಬರಲಿಲ್ಲ.

"ಇವೇನಾ?" ಎಂದು ಅವಳು ಹುಬ್ಬೇರಿಸಿದಳು.

"ಇವಲ್ಲ. ಇವನ್ನ ಗುರುತು ಹಿಡಿಯೋಕೆ ಬರಲ್ಲ ಅನ್ಕಂಡ್ರಾ ನಂಗೆ? ಅದು ಬೇರೇದು. ಎದೆಯಿಂದ ಕೆಳಗೆ ಮಸಿ ಬಳ್ದಂಗೆ."

"ಗಾತ್ರ?"

"ನನ್ ಕೈಯಲ್ಲಿ ಟೇಪ್ ಇರ್ಲಿಲ್ಲ."

"ಲೋಹಿತ್, ಮೂರನೇ ಸಲ ಕೇಳ್ತಿದೀನಿ. ಪಕ್ಕದಲ್ಲಿದ್ದ ನದಿ ರೀವಕ್ಕಿಂತ ಸಣ್ಣದಾಗಿತ್ತಾ?"

ಅವನು ನಕ್ಕ. "ಹೆಸರು ಹಿಡಿದು ಕರೆದ್ರಲ್ಲ. ಬುಧವಾರದಿಂದ 'ನಮಸ್ಕಾರ, ದಯವಿಟ್ಟು ತಿಳಿಸಿ' ಅಂತಿದ್ರಿ. ಬ್ಯಾಂಕಿಂದ ಬಂದಂಗಿತ್ತು."

"ನೀವು ಮೇಡಂ ಅಂದ್ರಿ."

"ನೀವು ವಿವರ ಕೇಳಿದ್ರಿ."

ಅವಳು ಮತ್ತೆ ಟೆಲಿಸ್ಕೋಪಿಗೆ ಬಾಗಿದಳು, ನಗು ಕಾಣದಿರಲೆಂದು. ಕಂಡಿತು. ಅವನು ನೋಡುತ್ತಿದ್ದದ್ದು ದಿಬ್ಬವನ್ನಲ್ಲ.

ಹನ್ನೊಂದೂವರೆಗೆ ಉಪ್ಪಿಟ್ಟಿನ ಡಬ್ಬಿ ತೆರೆಯಿತು. ಅವನ ಚೀಲದಿಂದ ಅಕ್ಕಿರೊಟ್ಟಿ, ಕಾಯಿಚಟ್ನಿ ಬಂದವು. ರೊಟ್ಟಿ ಭೂಪಟದ ಯಾವುದೋ ದೇಶದ ಆಕಾರದಲ್ಲಿತ್ತು.

"ನೀವೇ ಮಾಡಿದ್ದಾ?"

"ಗೊತ್ತಾಗುತ್ತಾ?"

"ಅಂಚು ನೋಡಿದ್ರೆ ಗೊತ್ತಾಗುತ್ತೆ."

"ಅಂಚು ಬಿಟ್ಟು ತಿನ್ನಿ," ಎಂದು ಅವನು ನಡುವಿನ ಮೆತ್ತನೆಯ ತುಂಡನ್ನು ಮುರಿದು ಅವಳ ಮುಚ್ಚಳಕ್ಕೆ ಹಾಕಿ, ಸೀದ ಅಂಚನ್ನು ತಾನು ಇಟ್ಟುಕೊಂಡ. ಸೋಮವಾರದ ವಿಷಯ ಹೇಳಿಬಿಡಬೇಕು ಎಂದು ಅವಳಿಗೆ ಅನಿಸಿದ್ದು ಆಗ. ಬಾಯಲ್ಲಿ ರೊಟ್ಟಿ ಇತ್ತು. ರೊಟ್ಟಿ ಮುಗಿಯುವ ಹೊತ್ತಿಗೆ ಧೈರ್ಯವೂ ಮುಗಿದಿತ್ತು.

*

ಬಿಸಿಲು ನೆತ್ತಿಗೆ ಬಂತು. ದಿಬ್ಬದ ಮೇಲೆ ಗಾಳಿ ಕುದಿಯತೊಡಗಿತು. ಹನ್ನೆರಡೂ ಮುಕ್ಕಾಲಿಗೆ ನೀರಿನ ಕಡೆಯಿಂದ ಒಂದು ಹಕ್ಕಿ ತಗ್ಗಾಗಿ ಹಾರಿ ಬಂದು, ರೆಕ್ಕೆ ಮೇಲೆತ್ತಿ ಇಳಿಯಿತು.

ಹೊಟ್ಟೆ ಕಪ್ಪಗಿತ್ತು.

ಅವಳ ಕೈ ಅವನ ತೋಳಿನ ಮೇಲೆ ಹೋಯಿತು. ಯಾವಾಗ ಹೋಯಿತೆಂದು ಇಬ್ಬರಿಗೂ ತಿಳಿಯಲಿಲ್ಲ. ಮೂರು ವರ್ಷ ಜಿಲ್ಲೆಯ ಹಕ್ಕಿಗಳಿಗೆಲ್ಲ ಇಲ್ಲ ಎಂದಿದ್ದ ಶಿವಲೀಲಾ ಮೇಡಂ, ಪೂರ್ತಿ ಅರ್ಧ ನಿಮಿಷ ನಂಬಿದರು. ಇಲ್ಲವಾದದ್ದು ಹೀಗೆ ಒಂದು ಮಧ್ಯಾಹ್ನ ತಾನಾಗಿ ಬಂದು ಎದುರಿಗೆ ಇಳಿಯಬಹುದು ಎನ್ನುವುದನ್ನು ಅವಳು ನಂಬಿಬಿಟ್ಟಳು.

"ನೋಡಿದ್ರಾ?" ಎಂದು ಅವನು ಪಿಸುಗುಟ್ಟಿದ.

"ಶ್."

ಹಕ್ಕಿ ತನ್ನ ಜೊತೆಯದರ ಹತ್ತಿರ ನಡೆಯಿತು. ಕೂತಿದ್ದದ್ದು ಎದ್ದಿತು. ಅದರಡಿ ಎರಡು ಮೊಟ್ಟೆ, ಬೆಣಚುಕಲ್ಲಿನ ಬಣ್ಣದವು. ಬಂದದ್ದು ಮೊಟ್ಟೆಗಳ ಮೇಲೆ ಮೆಲ್ಲಗೆ ಕೂತು, ಹೊಟ್ಟೆ ಆಡಿಸಿ ಆಡಿಸಿ ಅವನ್ನು ಒದ್ದೆ ಮಾಡಿತು. ಎರಡೂ ಒಂದೇ ಗಾತ್ರ. ಎರಡರ ಕೊಕ್ಕೂ ಹಳದಿ.

ಎದ್ದ ಹಕ್ಕಿ, ಬೆಳ್ಳನೆಯ ಹೊಟ್ಟೆಯದು, ನೀರಿನ ಅಂಚಿಗೆ ಹಾರಿತು. ಗೋಡಿನ ಮೇಲಿದ್ದ ಗೇಣುದ್ದ ನೀರಿನಲ್ಲಿ ಹೊಟ್ಟೆಯನ್ನು ಅದ್ದಿತು. ಒಮ್ಮೆ, ಎರಡು ಸಲ, ನಾಲ್ಕು ಸಲ. ಏಳುವಾಗ ಅದರ ಹೊಟ್ಟೆಯೂ ಎದೆಯಿಂದ ಕೆಳಗೆ ಮಸಿ ಬಳಿದಂತಿತ್ತು.

ಅವಳು ಟೆಲಿಸ್ಕೋಪನ್ನು ಅವನ ಕಡೆ ತಿರುಗಿಸಿದಳು. ಅವನು ನೋಡಿದ, ಬಹಳ ಹೊತ್ತು ನೋಡಿದ.

"ಮೊಟ್ಟೆ ತಂಪಾಗ್ಲಿ ಅಂತ," ಎಂದಳು ಕೊನೆಗೆ. "ಬಿಸಿಲಿಗೆ ಬೇಯ್ದೆ ಇರ್ಲಿ ಅಂತ ಹೊಟ್ಟೆ ನೆನೆಸ್ಕೊಂಡು ಬಂದು ಕೂರುತ್ವೆ. ತಿಳಿನೀರಾಗಿದ್ರೆ ನಮಗೆ ಗೊತ್ತೇ ಆಗ್ತಿರ್ಲಿಲ್ಲ. ಇಲ್ಲಿ ಗೋಡು ಕಪ್ಪು. ಒಣಗಿದ್ ಮೇಲೆ ಉದುರಿ ಹೋಗುತ್ತೆ. ಅದಕ್ಕೇ ಬೆಳಿಗ್ಗೆ ಇಲ್ಲ, ಮಧ್ಯಾಹ್ನ ಮಾತ್ರ."

"ಅಂದ್ರೆ ಮಾಮೂಲಿ ನದಿ ರೀವ."

"ನದಿ ರೀವ."

ಅವನು ಹೊಂಗೆಯ ಬೇರಿನ ಮೇಲೆ ಕೂತ. ನಲವತ್ತಾರು ವರ್ಷದ ಮುಖದಲ್ಲಿ ಪರೀಕ್ಷೆ ಫೇಲಾದವನ ಕಳೆ. "ನಾನು ಸುಳ್ಳು ಹಾಕ್ಲಿಲ್ಲ ಕಣ್ರೀ. ನಂಗೆ ಹಂಗೇ ಕಾಣ್ತು."

"ನಂಗೂ ಕಾಣ್ತು."

"ನಿಜ್ವಾಗ್ಲೂ?"

"ಅರ್ಧ ನಿಮಿಷ," ಎಂದಳು. ಆಮೇಲೆ ಕೈಯನ್ನು ಅವನ ತೋಳಿನಿಂದ ತೆಗೆದಿರುವುದು ನೆನಪಾಗಿ, ತೆಗೆಯದಿದ್ದರೂ ನಡೆಯುತ್ತಿತ್ತು ಎನಿಸಿತು.

ಭೂತಯ್ಯ ತೆಪ್ಪದಡಿಯಿಂದ ತಲೆ ಹೊರಹಾಕಿದ. "ಏನಂತೆ? ಸಿಗ್ತಾ?"

"ಇಲ್ಲ ಭೂತಯ್ಯ. ಮಾಮೂಲಿದೇ."

"ಬುಡಿ ಮತ್ತೆ. ಹಾಳೆಗೆ ಹೆಬ್ಬೆಟ್ಟು ಬೇಕಾದ್ರೆ ಹೇಳಿ, ಒತ್ತುತೀನಿ. ಆ ವರ್ಸ ಇವ್ರು ಬರ್ದೇ ಹೋದಾಗ ಎರಡ್ನೇ ಸಯಿ ನಂದೇ ಅಲ್ವರಾ? ಮಾರ್ನೇ ದಿನ ಇವ್ರು ಬಂದಾಗ ಹೇಳ್ದೆ ನಾನು. ನೀವ್ ಇಲ್ದಿದ್ರೂ ಕೆಲ್ಸ ನಿಲ್ನಿಲ್ಲ, ನನ್ ಹೆಬ್ಬೆಟ್ಟಲ್ಲೇ ಮುಗ್ದೋಯ್ತು ಅಂತ. ಮಕ ಹಿಂಗೆ ಮಾಡ್ಕಂಡು ಹೊಂಟೋದ್ರು."

ಶಿವಲೀಲಾ ನಿಧಾನವಾಗಿ ತಿರುಗಿದಳು. "ಮಾರನೇ ದಿನ ಬಂದಿದ್ರಾ?"

"ಬಂದಿದ್ರಲ್ಲ. ನಾನು ನಿಮ್ಗೆ ಹೇಳಿರ್ನಿಲ್ವರಾ?" ಭೂತಯ್ಯ ಒಂದು ಕ್ಷಣ ಯೋಚಿಸಿದ. "ನೀವು ಆಮೇಕೆ ಬರ್ನೇ ಇಲ್ಲ ಅಲ್ವಾ. ಹೆಂಗೆ ಹೇಳ್ಲಿ." ಸಮಾಧಾನವಾಗಿ ತಲೆಯನ್ನು ಒಳಗೆಳೆದುಕೊಂಡ.

*

"ಆವತ್ತು ನಮ್ಮನೆ ಕಣದಲ್ಲಿ ಕಾಫಿ ಇತ್ತು," ಎಂದ ಲೋಹಿತ್. ಮಾತು ದಿಬ್ಬಕ್ಕೆ ಹೇಳಿದಂತಿತ್ತು. "ಜನವರೀಲಿ ಮಳೆ ಬರುತ್ತೆ ಅಂತ ಯಾರಿಗ್ ಗೊತ್ತು. ಬೆಳಗಿನ ಜಾವ ನಮ್ ಕಡೆ ಶುರುವಾಯ್ತು. ಆ ವರ್ಷದ ಇಡೀ ಕುಯ್ಲು ಹರವಿತ್ತು. ಬಾಚಿ, ಟಾರ್ಪಾಲ್ ಹೊದಿಸಿ, ಸ್ಟೋರಿಗೆ ಹೊತ್ತು ಹಾಕೋ ಹೊತ್ತಿಗೆ ಸಂಜೆ. ನಿಮ್ಮನೆ ಫೋನ್ ನಂಬರ್ ಇತ್ತು. ನಿಮ್ಮಪ್ಪ ಎತ್ತಿದ್ರೆ ಏನನ್ಲಿ? ಅವರ ಮಂಡಿಗೇ ನಾವು ಕಾಫಿ ಹಾಕ್ತಿದ್ದೋರು."

"ಕಾಫಿ ನೆನೀತು ಅನ್ಬೋದಿತ್ತು. ಅಪ್ಪನಿಗೆ ಅದು ಅರ್ಥವಾಗ್ತಿತ್ತು."

"ಈಗ ಹೊಳೀತಿದೆ." ಅವನು ಒಂದು ಕಡ್ಡಿಯಿಂದ ನೆಲ ಗೀರಿದ. "ಮಾರನೇ ದಿನ ಬಂದೆ. ಇವನು ಹೆಬ್ಬೆಟ್ಟು ತೋರ್ಸ್ದ, ಇಂಕು ಹಂಗೇ ಇತ್ತು. ನನ್ ಜಾಗಕ್ಕೆ ಒಂದು ಹೆಬ್ಬೆಟ್ಟು ಸಾಕಾಯ್ತಲ್ಲ ಇವ್ರಿಗೆ ಅನ್ಕಂಡೆ."

ಇಪ್ಪತ್ತೊಂದು ವರ್ಷ. ಒಂದು ಮಳೆ, ಒಂದು ಹೆಬ್ಬೆಟ್ಟು, ಎರಡು ಹಟ. ಇಷ್ಟಕ್ಕೆ ಅಳಬೇಕೋ ನಗಬೇಕೋ ಅವಳಿಗೆ ತಿಳಿಯಲಿಲ್ಲ; ತಿಳಿಯದೆ ಟಿಫಿನ್ ಡಬ್ಬಿಯ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು.

ಅವನು ಚೀಲದಿಂದ ಒಂದು ಹಸಿರು ಫೈಲು ತೆಗೆದ. "ಹಕ್ಕಿ ಕಪ್ಪುಹೊಟ್ಟೇದೇ ಆಗಿದ್ರೆ ಇದನ್ನ ತೋರಿಸ್ತಾನೇ ಇರ್ಲಿಲ್ಲ. ಈಗ ಮರ್ಯಾದೆ ಹೆಂಗೂ ಹೋಯ್ತು, ನೋಡಿ."

ಬಳಗದ ಹಳೆಯ ನಮೂನೆಯ ಹಾಳೆಗಳು. ಬಳಗ ನಿಂತು ಹತ್ತು ವರ್ಷವಾಗಿತ್ತು; ಅವನು ಜೆರಾಕ್ಸ್ ಮಾಡಿಸಿಕೊಂಡಿದ್ದ. ಆ ಮಾರನೆಯ ದಿನದಿಂದ ಹಿಡಿದು ಈ ಜನವರಿಯವರೆಗೆ ಇಪ್ಪತ್ತೆರಡು ಹಾಳೆ. ಪ್ರತಿ ವರ್ಷವೂ ಅವನು ಒಬ್ಬನೇ ಬಂದು ಎಣಿಸಿದ್ದ. ಎಣಿಸಿದವರು ಎಂಬಲ್ಲಿ ಅವನ ಸಹಿ. ಬರೆದವರು ಎಂಬಲ್ಲಿ ಖಾಲಿ. ಇಪ್ಪತ್ತೆರಡು ಹಾಳೆಯಲ್ಲೂ ಖಾಲಿ. ಅದಕ್ಕೇ ಅವನು ಒಂದನ್ನೂ ಎಲ್ಲಿಗೂ ಕಳಿಸಿರಲಿಲ್ಲ.

ಅವಳು ಒಂದೊಂದೇ ತಿರುವಿದಳು. ಕಪ್ಪುಹೊಟ್ಟೆ ರೀವದ ಸಾಲಿನಲ್ಲಿ ಪ್ರತಿ ವರ್ಷ ಸೊನ್ನೆ. ಅದು ನಿರೀಕ್ಷಿಸಿದ್ದೇ. ಅದರ ಮೇಲಿನ ಸಾಲಿನಲ್ಲಿ ಅವಳ ಬೆರಳು ನಿಂತಿತು. ನದಿ ರೀವ, ನೂರ ಐವತ್ತೊಂದು. ನೂರ ನಲವತ್ತು. ನೂರ ಹದಿನೆಂಟು. ತೊಂಬತ್ತು. ಅರವತ್ತನಾಲ್ಕು. ಈ ಜನವರಿ ಮೂವತ್ತೇಳು.

"ಈಗ ಇದನ್ನೂ ಕೆಂಪು ಪಟ್ಟೀಲಿ ಹಾಕಿದಾರೆ ಗೊತ್ತಾ," ಎಂದಳು. ದನಿ ಸಣ್ಣದಾಗಿತ್ತು. "ಅದರಷ್ಟು ಕೆಟ್ಟ ಸಾಲಲ್ಲಿ ಅಲ್ಲ. ಅದಕ್ಕಿಂತ ಒಂದು ಮೆಟ್ಟಿಲು ಈಚೆ. ಮೊಟ್ಟೆ ಇರೋ ಹೊತ್ತಿಗೆ ಮಳೆ ಬಂದು ನೀರು ಏರುತ್ತೆ, ದಿಬ್ಬ ಮುಳುಗುತ್ತೆ. ಇಲ್ಲಾಂದ್ರೆ ನಾಯಿ ಈಜಿಕೊಂಡು ಹೋಗುತ್ತೆ. ನಾವು ಇಲ್ಲದ್ದನ್ನ ಹುಡುಕ್ತಾ ಕೂತ್ವಿ. ಇದ್ದದ್ದು ಇರುತ್ತೆ ಬಿಡು ಅನ್ಕೊಂಡ್ವಿ."

"ನಾನು ಅನ್ಕಳ್ಳಿಲ್ಲ," ಎಂದ. "ಎಣಿಸ್ತಾ ಇದ್ದೆ."

ಅವನು ಪೆನ್ನು ಚಾಚಿದ. "ಸಹಿ ಹಾಕ್ತೀರಾ? ಹಾಕಿದ್ರೆ ಕಳಿಸ್ಬೋದು. ಯಾರಿಗಾದ್ರೂ ಉಪಯೋಗ ಆಗುತ್ತೆ."

"ಇಲ್ಲ."

ಅವನ ಕೈ ಅಲ್ಲೇ ನಿಂತಿತು.

"ನಾನು ನೋಡದ ಹಕ್ಕಿಗೆ ಸಹಿ ಹಾಕಲ್ಲ ಲೋಹಿತ್. ಆ ಇಪ್ಪತ್ತೆರಡು ದಿನಾನೂ ನಾನಿಲ್ಲಿರ್ಲಿಲ್ಲ. ಇದ್ದೆ ಅಂತ ಬರೆದ್ರೆ ಅದು ಸುಳ್ಳು. ಒಂಟಿ ಸಹಿಲೇ ಕಳಿಸೋಣ. ಈಗಿನ ಕಾಲಕ್ಕೆ ನಡೆಯುತ್ತೆ. ನಾನೇ ಟೈಪ್ ಮಾಡ್ಕೊಡ್ತೀನಿ." ಅವಳು ಫೈಲನ್ನು ಮುಚ್ಚಿ ತೊಡೆಯ ಮೇಲಿಟ್ಟುಕೊಂಡಳು, ವಾಪಸ್ ಕೊಡಲಿಲ್ಲ. "ಇನ್ನೊಂದು ವಿಷಯ. ಸೋಮವಾರ ನಂಗೆ ವರ್ಗಾವಣೆ ಕೌನ್ಸೆಲಿಂಗ್ ಇದೆ. ದಾವಣಗೆರೆಗೆ."

ದಿಬ್ಬದ ಮೇಲೆ ರೀವಗಳು ಒಮ್ಮೆಗೇ ಎದ್ದು, ಗದ್ದಲವೆಬ್ಬಿಸಿ, ಮತ್ತೆ ಕೂತವು.

"ದಾವಣಗೆರೆ ಒಳ್ಳೇ ಊರು," ಎಂದ.

"ಹೌದಾ."

"ಬೆಣ್ಣೆದೋಸೆ ಸಿಗುತ್ತೆ."

ಅವಳು ಎದ್ದಳು. ಇಸ್ತ್ರಿಯ ಬಟ್ಟೆಗೆ ಅಂಟಿದ ಹೊಂಗೆಯ ಹೂವನ್ನು ಅಗತ್ಯಕ್ಕಿಂತ ಜೋರಾಗಿ ಕೊಡವಿದಳು. "ಭೂತಯ್ಯ, ತೆಪ್ಪ ತಿರುಗಿಸಿ. ಹೊರಡೋಣ."

"ಕೂತ್ಕಳಿ," ಎಂದ ಲೋಹಿತ್.

"ದೋಸೆ ವಿಷಯ ಕೇಳೋಕಾ?"

"ಕೂತ್ಕಳಿ ಶಿವಲೀಲಾ. ನಂಗೆ ಮಾತು ಎದ್ದು ಬರೋದೇ ನಿಧಾನ." ಅವನು ಉಸಿರು ಎಳೆದುಕೊಂಡ. ಹಣೆಯಲ್ಲಿ ಬೆವರಿತ್ತು, ಕಿವಿ ಕೆಂಪಾಗಿತ್ತು. "ಹೋಗ್ಬೇಡಿ ಅಂತ ಹೇಳೋ ಹಕ್ಕು ನಂಗಿಲ್ಲ. ಇದ್ದಿದ್ರೆ ಮೂರು ವರ್ಷದ ಹಿಂದೆ ಆಲೂರಿಗೆ ಬಂದು ಹೇಳ್ಬೇಕಿತ್ತು. ಎರಡು ಸಲ ಬಂದೆ. ಕಾಲೇಜ್ ಗೇಟಿನ ತಂಕ ಬಂದು ಕಬ್ಬಿನ ಹಾಲು ಕುಡ್ಕಂಡು ವಾಪಸ್ ಹೋದೆ. ಆ ವರ್ಷ ಹೇಳೋಣ ಅಂತಿದ್ದ ಮಾತು ಅದೇ, ಬದಲಾಗಿಲ್ಲ. ನೀವು ನಮ್ಮನೇಲಿರ್ಬೇಕು. ಇಲ್ಲಾ ನಾನು ನಿಮ್ಮನೇಲಿರ್ಬೇಕು. ತೋಟ, ಕಾಲೇಜು, ನಿಮ್ಮಮ್ಮ, ಜನ ಏನಂತಾರೆ, ಅದೆಲ್ಲ ಹೆಂಗೆ ಅಂತ ನಂಗ್ ಗೊತ್ತಿಲ್ಲ. ಇಷ್ಟು ಮಾತ್ರ ಗೊತ್ತು."

ಬೋರಲಾಗಿದ್ದ ತೆಪ್ಪ ಒಂಚೂರೂ ಅಲ್ಲಾಡಲಿಲ್ಲ. ಅದರಡಿ ಇದ್ದವನು ಉಸಿರನ್ನೂ ಬಿಡದೆ ಕೇಳಿಸಿಕೊಳ್ಳುತ್ತಿದ್ದ ಎನ್ನುವುದು ಸ್ಪಷ್ಟವಾಗಿತ್ತು.

ಶಿವಲೀಲಾ ಕೂತಳು. ಎದುರಿಗಲ್ಲ, ಅವನ ಪಕ್ಕದಲ್ಲಿ, ಅದೇ ಬೇರಿನ ಮೇಲೆ. ಬೇರು ಇಬ್ಬರಿಗೆ ಸಾಲುತ್ತಿರಲಿಲ್ಲ. ಭುಜಕ್ಕೆ ಭುಜ ತಾಗಿತು. ಯಾರೂ ಸರಿಯಲಿಲ್ಲ.

"ಕಬ್ಬಿನ ಹಾಲಾ," ಎಂದಳು.

"ಎರಡು ಸಲಾನೂ."

ಅವಳು ನಕ್ಕಳು. ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು. ಅವನ ಒರಟು ಬೆರಳುಗಳು ಹತ್ತಿರ ಬಂದು, ಕೇಳಿದಂತೆ ಒಂದು ಕ್ಷಣ ನಿಂತು, ಅವಳ ಬೆರಳುಗಳ ನಡುವೆ ಸೇರಿಕೊಂಡವು. ಎದುರಿಗೆ ಒಂದು ರೀವ ಹೊಟ್ಟೆ ನೆನೆಸಿಕೊಂಡು ಮೊಟ್ಟೆಗೆ ಮರಳುತ್ತಿತ್ತು, ಇನ್ನೊಂದು ನೀರಿಗೆ ಹೊರಟಿತ್ತು. ಬಿಸಿಲು ಇಳಿಯುವವರೆಗೆ ಅವೆರಡಕ್ಕೂ ಬೇರೆ ಕೆಲಸವಿರಲಿಲ್ಲ.

*

ದಡದಲ್ಲಿ ಸಿಗ್ನಲ್ ಇರಲಿಲ್ಲ. ಇಳಿಜಾರು ಹತ್ತಿ ರಸ್ತೆಗೆ ಬಂದ ಮೇಲೆ ಅವಳು ಮನೆಗೆ ಫೋನ್ ಮಾಡಿದಳು. ಲೋಹಿತ್ ಎಂಟು ಹೆಜ್ಜೆ ದೂರದಲ್ಲಿ ನಿಂತು, ಒಂದು ಮೈಲಿಗಲ್ಲನ್ನು ತುಂಬಾ ಆಸಕ್ತಿಯಿಂದ ಓದತೊಡಗಿದ.

"ಅಮ್ಮ, ಸೋಮವಾರ ನಾನು ಹೋಗಲ್ಲ."

ಆ ಕಡೆ ಬಸಮ್ಮನ ಕುಕ್ಕರ್ ಒಂದು ಸೀಟಿ ಹೊಡೆಯಿತು.

"ಯಾರ ಪೈಕಿ?"

"ಏನು?"

"ಹಕ್ಕಿ ಬಗ್ಗೆ ಕೇಳ್ತಿಲ್ಲ ನಾನು."

"ಯಸಳೂರಿನ ಗೌಡರ ಪೈಕಿ," ಎಂದಳು ಶಿವಲೀಲಾ. "ಅಪ್ಪನ ಮಂಡಿಗೆ ಕಾಫಿ ಹಾಕ್ತಿದ್ದೋರು."

ಎರಡನೆಯ ಸೀಟಿ. ಮೂರನೆಯದೂ ಆಯಿತು. ಬಸಮ್ಮ ಒಲೆ ಆರಿಸಿದ ಸದ್ದು ಕೇಳಿಸಿತು. "ದಾವಣಗೆರೇಲಿ ನಿಮ್ಮಕ್ಕನಿಗೆ ನಾನೇನು ಹೇಳ್ಲಿ?" ಎಂದರು. ಆಮೇಲೆ, "ನಾನೇ ಏನಾದ್ರೂ ಹೇಳ್ಕೋತೀನಿ. ಸೋಮವಾರ ಹತ್ತು ಗಂಟೆಗೆ ಅವರನ್ನ ಮನೆಗೆ ಕರ್ಕೊಂಡು ಬಾ. ನೋಡ್ಬೇಕು ನಾನು. ಬರ್ತಾ ತೊಗರಿಬೇಳೆ ತಾ, ಮುಗಿದಿದೆ."

ಅವಳು ಫೋನಿಟ್ಟಾಗ ಅವನು ಮೈಲಿಗಲ್ಲನ್ನು ಬಿಟ್ಟು ಬಂದ.

"ಏನಂದ್ರು?"

"ತೊಗರಿಬೇಳೆ ಬೇಕಂತೆ."

"ಒಳ್ಳೇದಾ ಕೆಟ್ಟದ್ದಾ ಅದು?"

ಅವಳು ಹೇಳುವಷ್ಟರಲ್ಲಿ ತಿರುವಿನಲ್ಲಿ ಆಲೂರಿನ ಬಸ್ಸು ಕಾಣಿಸಿತು. ಧೂಳೆಬ್ಬಿಸಿಕೊಂಡು ಬಂದು ಅವರ ಮುಂದೆಯೇ ನಿಂತಿತು. ಕಂಡಕ್ಟರ್ ಬಾಗಿಲಿನಿಂದ ಅರ್ಧ ಹೊರಗೆ ಬಾಗಿದ.

"ಬನ್ನಿ ಮೇಡಂ, ಸೀಟ್ ಐತೆ."

"ನೀವು ಹೋಗಿ. ನಾನು ಮುಂದಿನದ್ದಕ್ಕೆ ಬರ್ತೀನಿ."

"ಮುಂದಿನದು ಎರಡು ಗಂಟೆ ಆಗ್ತದೆ. ಅದೂ ಬಂದ್ರೆ ಬಂತು, ಇಲ್ಲಾಂದ್ರೆ ಇಲ್ಲ."

"ಗೊತ್ತು," ಎಂದಳು ಶಿವಲೀಲಾ, ಅವನ ಪಕ್ಕದಿಂದ ಕದಲದೆ.